ಡಚ್ಚರ ಹಡಗಿಗೆ ಹೂವಿನ ಗಂಟು

ಮಾವನವರಿಗೆ,

'ತೀರ್ಥರೂಪ ಸಮಾನರಾದ' ಎಂದು ಶುರು ಮಾಡಬೇಕಿತ್ತು, 'ನಿಮ್ಮ ಸೊಸೆ ಶೋಭಾ ಮಾಡುವ ಸಾಷ್ಟಾಂಗ ನಮಸ್ಕಾರಗಳು' ಎಂದು ಮುಂದುವರಿಸಬೇಕಿತ್ತು. ಎರಡನ್ನೂ ಬರೆಯುವುದಿಲ್ಲ. ನೀವು ಹೋಗಿ ಎಂಟು ತಿಂಗಳಾಯಿತು, ನನ್ನ ಸಿಟ್ಟು ಇನ್ನೂ ಹೋಗಿಲ್ಲ. ತೀರಿಕೊಂಡವರ ಬಗ್ಗೆ ಹಾಗೆಲ್ಲ ಮಾತಾಡಬಾರದು ಅನ್ನುತ್ತಾನೆ ನಿಮ್ಮ ಮಗ ರಘು. ಹೌದು, ಏಕವಚನ. ನೀವಿದ್ದಾಗ ನಿಮ್ಮೆದುರು 'ಅವರು, ಇವರು' ಅನ್ನುತ್ತಿದ್ದೆ. ಈಗ ಆ ನಾಟಕ ಯಾಕೆ? ಅಷ್ಟಕ್ಕೂ ನಾನು ನಿಮ್ಮ ಬಗ್ಗೆ ಮಾತಾಡುತ್ತಿಲ್ಲ, ನಿಮ್ಮ ಜೊತೆಯೇ ಮಾತಾಡುತ್ತಿದ್ದೇನೆ. ಕೂತು ಓದಿ. ಈ ಒಂದು ಸಲವಾದರೂ ಮಧ್ಯೆ ಬಾಯಿ ಹಾಕದೆ ಪೂರ್ತಿ ಓದಿ.

ನೀವು ಇಲ್ಲಿಗೆ ಬಂದ ಮೊದಲ ವಾರ ನೆನಪಿದೆಯೇ? ಅತ್ತೆ ತೀರಿಕೊಂಡು ವರ್ಷವಾಗಿತ್ತು. ಪಾಲಿಟೆಕ್ನಿಕ್‌ನಲ್ಲಿ ಡ್ರಾಯಿಂಗ್ ಪಾಠ ಮಾಡಿ ನಿವೃತ್ತರಾದ ನೀವು ಜಪಾನಿನ ಎಡೋಗಾವಾದ ನಮ್ಮ ಬೆಂಕಿಪೊಟ್ಟಣದಂಥ ಫ್ಲ್ಯಾಟಿನಲ್ಲಿ ಕೂತು ಬಾಗಿಲು, ಕಿಟಕಿ, ನನ್ನ ಸಾರು, ನಾನು ಬಟ್ಟೆ ಮಡಿಸುವ ರೀತಿ, ಎಲ್ಲದಕ್ಕೂ ಕೆಂಪು ಇಂಕಿನ ಗುರುತು ಹಾಕುತ್ತಿದ್ದಿರಿ. ರಘು ಬೆಳಗ್ಗೆ ಟ್ರೈನ್ ಹಿಡಿದು ಶಿನಾಗಾವಾ ಆಫೀಸಿಗೆ ಹೋಗಿಬಿಡುತ್ತಿದ್ದ. ಇಡೀ ದಿನ ನಿಮ್ಮ ಕೈಗೆ ಸಿಕ್ಕವಳು ನಾನು. ಸಮುದಾಯ ಭವನದ ನೋಟೀಸ್ ಬೋರ್ಡಿನಲ್ಲಿ ಮರದ ಪುಟ್ಟ ಮಾದರಿ ಹಡಗು ಮಾಡುವ ಸಂಘದ ಚೀಟಿ ನೋಡಿ, ನಿಮ್ಮನ್ನು ದರದರ ಎಳೆದುಕೊಂಡು ಹೋದವಳೂ ನಾನೇ. ಇದನ್ನು ನೀವು ಯಾರಿಗಾದರೂ ಒಂದೇ ಒಂದು ಸಲ ಹೇಳಿದ್ದುಂಟೇ?

ಸಂಘದಲ್ಲಿ ನಿಮ್ಮ ಮೊದಲ ದಿನ ನೆನೆದರೆ ಈಗಲೂ ನಗು ಬರುತ್ತದೆ. ಅಧ್ಯಕ್ಷರು ಓನಿಶಿ ಸಾನ್ ಬಗ್ಗಿ ನಮಸ್ಕರಿಸಿ, ನಿಮ್ಮ ಪರಿಚಯ ಕೇಳಿದರು. ನಿಮಗೆ ಜಪಾನೀಸ್ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ನೀವು ನಿಮ್ಮ ಸರ್ವಿಸ್ಸು, ಶಿಷ್ಯರು, ಪ್ರಿನ್ಸಿಪಾಲರಿಗೆ ಕಲಿಸಿದ ಬುದ್ಧಿ, ಎಲ್ಲವನ್ನೂ ಕಾಲು ಗಂಟೆ ಹೇಳಿದಿರಿ. ನಾನು "ಯೊರೊಶಿಕು ಒನೆಗಾಯಿಶಿಮಾಸು", ನಿಮ್ಮ ದಯೆಯಿರಲಿ, ಎಂದು ಮುಗಿಸಿದೆ. "ಇಷ್ಟೇನಾ? ನಾನು ಅಷ್ಟೊಂದು ಹೇಳಿದ್ನಲ್ಲಮ್ಮ?" ಅಂದಿರಿ. "ಜಪಾನೀಸಲ್ಲಿ ಇಷ್ಟೇ ಆಗೋದು ಮಾವ" ಅಂದೆ. ಅವತ್ತಿನಿಂದ ಆ ಕೋಣೆಯಲ್ಲಿ ನಿಮ್ಮ ಪ್ರತಿ ಮಾತೂ ನನ್ನ ಬಾಯಿಂದಲೇ ಹೊರಬಿದ್ದಿದ್ದು. ನೀವು 'ನಾನು' ಅಂದರೆ ನಾನೂ 'ನಾನು' ಅಂತಲೇ ಹೇಳುತ್ತಿದ್ದೆ. ದುಭಾಷಿಗಳ ಕ್ರಮವೇ ಅದು.

ಹಡಗಿನ ಪೆಟ್ಟಿಗೆ ಬಿಚ್ಚಿದ ದಿನ ನೀವು ಮಗುವಿನ ಹಾಗಾಗಿದ್ದಿರಿ, ಅದನ್ನು ಇಲ್ಲ ಅನ್ನುವುದಿಲ್ಲ. ನಾನೂರು ವರ್ಷದ ಹಿಂದೆ ಜಪಾನಿಗೆ ಬಂದು ಮುಟ್ಟಿದ ಮೊದಲ ಡಚ್ ಹಡಗು, ಹೆಸರು ಲೀಫ್ಡೆ. ಅವರ ಭಾಷೆಯಲ್ಲಿ ಪ್ರೀತಿ ಎಂದರ್ಥವಂತೆ. ಎಂಥ ಹೆಸರು ಸಿಕ್ಕಿತು ನೋಡಿ ನಮ್ಮ ಮನೆಗೆ! ನೀವು ಸೀಳು ಹಲಗೆಗಳನ್ನು ನನ್ನ ಇಡ್ಲಿ ಪಾತ್ರೆಯ ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿದಿರಿ. ನನ್ನ ಬಟ್ಟೆ ಕ್ಲಿಪ್ಪುಗಳನ್ನೆಲ್ಲ ಅದಕ್ಕೆ ಕಚ್ಚಿಸಿದಿರಿ. ಮೂರು ತಿಂಗಳು ನಮ್ಮ ಮನೆಯಲ್ಲಿ ಇಡ್ಲಿ ಇಲ್ಲ, ಒಣಗಿದ ಬಟ್ಟೆಯೆಲ್ಲ ಬಾಲ್ಕನಿಯಿಂದ ಹಾರಿ ಪಕ್ಕದ ಮನೆಯವರ ಪಾಲು. ಆದರೂ ಹೇಳುತ್ತೇನೆ, ಆ ಹಡಗಿನ ಒಡಲು ನಿಮ್ಮದೇ ಕೆಲಸ, ಒಂದು ಕೂದಲೆಳೆ ಸಂದಿಯಿಲ್ಲ. ನಿಮ್ಮದನ್ನು ನಿಮ್ಮದು ಅನ್ನಲು ನನಗೆ ಕಷ್ಟವಿಲ್ಲ. ನಿಮಗೆ ಯಾಕೆ ಅಷ್ಟು ಕಷ್ಟವಾಯಿತು?

ಹಗ್ಗದ ಕೆಲಸ ಶುರುವಾದ ಬೆಳಗ್ಗೆ ನಿಮ್ಮ ಕೈ ಸೋತಿತು. ನಾವಿಕರು ಹಾಯಿಕಂಬ ಹತ್ತುವ ಹಗ್ಗದ ಏಣಿ, ಅಡ್ಡ ದಾರ ಉದ್ದ ದಾರಕ್ಕೆ ಸೇರುವಲ್ಲೆಲ್ಲ ಎಳ್ಳುಕಾಳಿನಷ್ಟು ಒಂದು ಗಂಟು. ಅಂಥವು ನೂರಾರು. ನೀವು ಒಂದು ಹಾಕಿದಿರಿ, ಬಿಚ್ಚಿಕೊಂಡಿತು. ಇನ್ನೊಂದು ಹಾಕಿದಿರಿ, ದಾರವೇ ಕಿತ್ತು ಬಂತು. ಚಿಮಟ ಎಸೆದಿರಿ, ಅದು ನನ್ನ ಹಿಟ್ಟಿನ ಡಬ್ಬಿಗೆ ಬಡಿಯಿತು. ನಾನು ಕೈ ಒರೆಸಿಕೊಂಡು ಬಂದು ಪುಸ್ತಕದಲ್ಲಿದ್ದ ಗಂಟಿನ ಚಿತ್ರ ನೋಡಿದೆ. ಅಯ್ಯೋ, ಇಷ್ಟೇನಾ ಅನ್ನಿಸಿತು. ಒಂದು ಸುತ್ತು ಸುತ್ತಿ, ಬೆರಳಲ್ಲಿ ತಿರುವಿ, ಕೊರಳಿಗೆ ಹಾಕಿ ಎಳೆಯುವುದು. ಮೈಸೂರಿನ ಮಾರ್ಕೆಟ್ಟಿನಲ್ಲಿ ಅಮ್ಮ ಜೀವಮಾನವೆಲ್ಲ ಮಲ್ಲಿಗೆಗೆ ಹಾಕಿದ್ದು ಇದನ್ನೇ, ನಾನು ಸ್ಕೂಲಿಗೆ ಹೋಗುವ ಮೊದಲೇ ಕಲಿತದ್ದೂ ಇದನ್ನೇ. ಚಿಮಟ ಬೇಡ ಎಂದು ಪಕ್ಕಕ್ಕಿಟ್ಟೆ. ನೀವು ನೋಡುತ್ತಿದ್ದ ಹಾಗೇ ಒಂದು ಅಡ್ಡ ಸಾಲು ಮುಗಿದೇ ಹೋಯಿತು.

ನಮ್ಮ ಮದುವೆಯ ದಿನ ನೀವು ಆಡಿದ ಮಾತು ಆಗ ನನ್ನ ಕಿವಿಯಲ್ಲಿತ್ತು. ಛತ್ರದ ತುಂಬ ನಿಮ್ಮ ಕಡೆಯವರು. ಹಾರಗಳನ್ನೆಲ್ಲ ಅಮ್ಮನೇ ಕಟ್ಟಿ ತಂದಿದ್ದಳು. ನೀವು ನಿಮ್ಮ ತಮ್ಮನ ಕಡೆ ತಿರುಗಿ, "ಹೂ ಮಾರೋಳ ಮಗಳನ್ನ ತಂದ್ಕೊಂಡಿದ್ದಕ್ಕೆ ಹೂವಿನ ಖರ್ಚಾದ್ರೂ ಉಳೀತು ಬಿಡಪ್ಪ" ಅಂದಿರಿ. ಎಲ್ಲರೂ ನಕ್ಕರು. ಅಮ್ಮ ಕೂಡ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಗಳ ಬಾಳಿಗೆ ತೊಂದರೆಯಾಗಬಾರದು ಎಂದು ನಕ್ಕಳು, ಅಷ್ಟೂ ತಿಳಿಯಲಿಲ್ಲವೇ ನಿಮಗೆ? ಆ ನಗು ನನ್ನ ಹೊಟ್ಟೆಯಲ್ಲಿ ಹನ್ನೆರಡು ವರ್ಷದಿಂದ ಉರಿಯುತ್ತಿದೆ. ಅಂಥ ನಿಮ್ಮ ಹಡಗು ಅಮ್ಮನ ಗಂಟಿಲ್ಲದೆ ನಿಲ್ಲಲಾರದು ಎಂದು ತಿಳಿದಾಗ, ಸುಳ್ಳು ಯಾಕೆ, ನನಗೆ ತುಂಬ ಖುಷಿಯಾಯಿತು.

ಆ ಚಳಿಗಾಲದ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಅಡುಗೆಮನೆ ಕಿಟಕಿಯ ಬಿಸಿಲಿನಲ್ಲಿ ನಾನು ಕಟ್ಟುತ್ತಿದ್ದೆ, ನೀವು ಎದುರಿಗೆ ಕೂತು "ಸಡಿಲ ಆಯ್ತು ನೋಡು", "ಲೆವೆಲ್ ತಪ್ತು ನೋಡು" ಅನ್ನುತ್ತಿದ್ದಿರಿ. ಒಂದೂ ಸಡಿಲವಾಗಿರಲಿಲ್ಲ. ಒಂದು ದಿನ ಮಾತ್ರ ತುಂಬ ಹೊತ್ತು ಸುಮ್ಮನೆ ನೋಡಿ, "ನಿನ್ನ ಕೈಯಲ್ಲಿ..." ಅಂದಿರಿ. ನಾನು ತಲೆಯೆತ್ತಿದೆ. ನೀವು ಕೆಮ್ಮಿ, "ಕಾಫಿ ಇಲ್ವಾ ಇವತ್ತು?" ಅಂದಿರಿ. ಎದ್ದು ಕಾಫಿ ಮಾಡಿದೆ. ನನ್ನ ಕೈಯಲ್ಲಿ ಏನು ಮಾವ? ಆ ವಾಕ್ಯ ಮುಗಿಸಲು ನಿಮ್ಮ ಗಂಟೇನು ಹೋಗುತ್ತಿತ್ತು?

ಆಮೇಲೆ ಬಂತು ಆ ಪ್ರದರ್ಶನ. ಕೈಯಲ್ಲಿ ಭೂತಗನ್ನಡಿ ಹಿಡಿದ ಒಬ್ಬ ಹಿರಿಯರು, ಹಡಗಿನಲ್ಲೇ ಕೆಲಸ ಮಾಡಿ ನಿವೃತ್ತರಾದವರಂತೆ, ಲೀಫ್ಡೆಯ ಮುಂದೆ ಬಗ್ಗಿದವರು ಏಳಲೇ ಇಲ್ಲ. ಕೊನೆಗೆ ಎದ್ದು, "ಈ ಗಂಟುಗಳನ್ನು ಕಟ್ಟಿದವರು ಯಾರು?" ಎಂದು ಕೇಳಿದರು. ನೀವು "ಏನಂತೆ?" ಅಂದಿರಿ. ಹೇಳಿದೆ. ಹೇಳಿ ನಿಮ್ಮ ಮುಖವನ್ನೇ ನೋಡಿದೆ. ನೀವು ಶರ್ಟಿನ ಕಾಲರ್ ಸರಿಮಾಡಿಕೊಂಡು, "ನಾನೇ ಕಟ್ಟಿದ್ದು ಅಂತ ಹೇಳು" ಅಂದಿರಿ. ಪಕ್ಕದಲ್ಲಿ ರಘು ಫೋನ್ ಹಿಡಿದು ಫೋಟೋ ತೆಗೆಯುತ್ತಿದ್ದ. ಅವನಿಗೆ ಗೊತ್ತಿತ್ತು, ರಜೆಯ ದಿನಗಳಲ್ಲೆಲ್ಲ ನಾನು ಕಟ್ಟುವುದನ್ನು ನೋಡಿದ್ದ. ಫೋನು ಕೆಳಗಿಳಿಯಲಿಲ್ಲ. ನಾನು ಹೇಳಿದೆ, "ವತಾಶಿ ಗಾ ಮುಸುಬಿಮಾಶಿತಾ."

ನಾನು ಕಟ್ಟಿದೆ. ಇಷ್ಟೇ ಅದರ ಅರ್ಥ. ನನ್ನ ಬಾಯಿಂದ, ನನ್ನ ಬಗ್ಗೆ, ಅಪ್ಪಟ ನಿಜ. ಆ ಹಿರಿಯರು ಅದನ್ನು ಕೇಳಿ ನಿಮಗೆ ಬಗ್ಗಿ ನಮಸ್ಕಾರ ಮಾಡಿದರು! ದುಭಾಷಿಯ 'ನಾನು' ಯಾರ ಕಿವಿಗೂ ನಾನಾಗಲಿಲ್ಲ. ನೀವು ಕೈಕಟ್ಟಿ ನಿಂತು ತಲೆಯಾಡಿಸಿದಿರಿ. ಬಹುಮಾನದ ಕಾಗದದಲ್ಲಿ ನಿಮ್ಮ ಹೆಸರು ಬಂತು, ಅದಕ್ಕೆ ಚೌಕಟ್ಟು ಬಂತು, ಫ್ರಿಜ್ಜಿನ ಮೇಲೆ ಕೂತಿತು. ದಿನಕ್ಕೆ ಹತ್ತು ಸಲ ಹಾಲಿಗೆ, ಮೊಸರಿಗೆ ಬಾಗಿಲು ತೆಗೆದಾಗಲೆಲ್ಲ ನಾನು ನಿಮ್ಮ ಹೆಸರು ಓದಬೇಕಾಯಿತು. ಮನೆಯಲ್ಲಿ ರಘುವನ್ನು ಕೇಳಿದ್ದಕ್ಕೆ, "ಬಿಡು ಶೋಭಾ, ವಯಸ್ಸಾಗಿದೆ, ಅಪ್ಪಂಗೆ ಇನ್ನೇನಿದೆ ಹೇಳು?" ಅಂದ. ನನಗೇನಿದೆ ಎಂದು ಯಾರೂ ಕೇಳಲಿಲ್ಲ.

ಬೆಂಗಳೂರಿಗೆ ನೀವು ಮಾಡುತ್ತಿದ್ದ ವಿಡಿಯೋ ಕಾಲುಗಳು ಬೇರೆ! ಹಡಗಿನ ಪಕ್ಕ ಕೂತು "ಎಲ್ಲ ನನ್ನ ಕೈಕೆಲಸವೇ ಕಣಯ್ಯ" ಅನ್ನುವಾಗ ಫೋನ್ ಹಿಡಿದು ನಿಂತಿರುತ್ತಿದ್ದವಳು ನಾನು. ಆ ದಿನಗಳಲ್ಲಿ ನಿಮ್ಮ ಸಾರಿಗೆ ಉಪ್ಪು ಕಡಿಮೆಯಾಗಿದ್ದು ಡಾಕ್ಟರು ಹೇಳಿದ್ದಕ್ಕಲ್ಲ, ಈಗ ತಿಳಿದುಕೊಳ್ಳಿ. ಆಸ್ಪತ್ರೆಯಲ್ಲಿ ಕೊನೆಯ ವಾರ, ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ನಿಮ್ಮ ಮಂಚದ ಪಕ್ಕ ಕಾದು ಕೂತೆ. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಿರಿ. ಕುರ್ಚಿ ಎಳೆದುಕೊಂಡು ಬಗ್ಗಿದೆ. "ಹಡಗಿನ ಮೇಲೆ ಧೂಳು ಕೂತಿರುತ್ತೆ, ಒರೆಸು" ಅಂದಿರಿ. ಅಷ್ಟೇ.

ಹೋದ ತಿಂಗಳು ಓನಿಶಿ ಸಾನ್ ಫೋನ್ ಮಾಡಿದರು. ಈ ವರ್ಷದ ಪ್ರದರ್ಶನದಲ್ಲಿ ನಿಮ್ಮ ನೆನಪಿಗೆ ಲೀಫ್ಡೆಯನ್ನು ಬಾಗಿಲ ಎದುರಿನಲ್ಲೇ ಇಡುತ್ತಾರಂತೆ. ನಾನು ಅವತ್ತೇ ಸಂಘಕ್ಕೆ ಹೋಗಿ, "ಸುಮಿಮಾಸೆನ್, ಕ್ಷಮಿಸಿ, ಹಗ್ಗದ ಕೆಲಸ ಮಾವನದಲ್ಲ, ನನ್ನದು" ಅಂದೆ. ಅವರು ಟೀ ಸುರಿಯುತ್ತಿದ್ದರು. "ನಮಗೆ ಗೊತ್ತಿತ್ತು" ಅಂದರು. ಡಚ್ ನಾವಿಕರ ಗಂಟು ಬಲಕ್ಕೆ ವಾಲಬೇಕಂತೆ, ಲೀಫ್ಡೆಯದು ಅಷ್ಟೂ ಎಡಕ್ಕೆ ವಾಲಿವೆ. ಹೂ ಕಟ್ಟುವ ಕೈ ತಿರುವುವುದೇ ಆ ಕಡೆಗೆ. ಸಂಘದಲ್ಲಿ ಒಮ್ಮೆ ನೀವು ಹಾಕಿ ತೋರಿಸಿದ್ದ ಗಂಟು ಬಲಕ್ಕೆ ವಾಲಿತ್ತು, ಬಿಚ್ಚಿಯೂ ಹೋಗಿತ್ತು. "ಮತ್ತೆ ಯಾಕೆ ಸುಮ್ಮನಿದ್ದಿರಿ?" ಎಂದು ಕೇಳಿದೆ. "ಅವರೇ ಕಟ್ಟಿದ್ದು ಅಂತ ನಿಮ್ಮ ಬಾಯಿಂದಲೇ ಬಂತಲ್ಲ, ಮನೆಯವರ ವಿಷಯ ಎಂದು ಬಿಟ್ಟೆವು" ಅಂದರು. ಮೈಯೆಲ್ಲ ಉರಿಯಿತು ನನಗೆ. ಹೆಸರಿನ ಕಾರ್ಡನ್ನು ಖಾಲಿ ಬಿಡುತ್ತೇವೆ, ಏನು ಬರೆಯಬೇಕೆಂದು ನೀವೇ ಕುಟುಂಬದವರು ತೀರ್ಮಾನಿಸಿ ಎಂದು ಇನ್ನೊಂದು ಲೋಟ ಟೀ ಕೊಟ್ಟರು.

ಅವತ್ತು ಊಟಕ್ಕೆ ಕೂತಾಗ ರಘುವಿಗೆ ಹೇಳಿದೆ. "ಒಡಲು ನಿಮ್ಮಪ್ಪಂದು, ಹಗ್ಗ ನಂದು. ಕಾರ್ಡಲ್ಲಿ ಎರಡೂ ಬರೀಬೇಕು. ಅವ್ರದ್ದು ಒಂದು ಅಕ್ಷರ ಕಮ್ಮಿ ಬೇಡ, ನಂದೂ ಬೇಡ." ಅವನು ತಟ್ಟೆ ತಳ್ಳಿದ. "ಸತ್ತೋರ ಮೇಲೆ ಎಂಥ ಹಗೆನೇ ನಿಂಗೆ?" "ಸತ್ತಿರೋದು ಅವ್ರು ರಘು, ನಾನಲ್ಲ. ಹಗೆ ಇದೆ, ಇಲ್ಲ ಅಂದ್ನಾ?" ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ನಾನು ಕತ್ತರಿ ತೆಗೆದುಕೊಂಡು ಹಡಗಿನ ಮುಂದೆ ನಿಂತದ್ದೂ ಉಂಟು. ಕಚಕಚ ಎಂದು ಎಲ್ಲ ಗಂಟನ್ನೂ ಕತ್ತರಿಸಿ, ನಿಮ್ಮ ಬೋಳು ಹಡಗನ್ನು ನಿಮಗೇ ಬಿಟ್ಟುಬಿಡೋಣ ಅನ್ನಿಸಿತು. ಕತ್ತರಿ ಬಾಯಿ ತೆರೆದು ಒಂದು ದಾರದ ಹತ್ತಿರ ತಂದೆ. ಆದರೆ ಹಾಳಾಗುವುದು ಯಾರ ಕೆಲಸ? ನನ್ನದು, ನನ್ನಮ್ಮ ಕಲಿಸಿದ್ದು. ನಿಮ್ಮ ಮೇಲಿನ ಸಿಟ್ಟಿಗೆ ಅದನ್ನು ಯಾಕೆ ಬಲಿ ಕೊಡಲಿ? ಕತ್ತರಿ ಒಳಗಿಟ್ಟೆ.

ಮೊನ್ನೆ ಭಾನುವಾರ ಪ್ರದರ್ಶನ. ಕಾರ್ಡು ಖಾಲಿಯೇ ಇತ್ತು. ಅದೇ ಭೂತಗನ್ನಡಿಯ ಹಿರಿಯರು ಬಂದರು, ಈಗ ಇನ್ನಷ್ಟು ಬಗ್ಗಿದ್ದಾರೆ. ಹಡಗು ನೋಡಿದರು, ಖಾಲಿ ಕಾರ್ಡು ನೋಡಿದರು, ಗಂಟು ಕಟ್ಟಿದವರು ಯಾರು ಎಂದು ಮತ್ತೆ ಕೇಳಿದರು. ಓನಿಶಿ ಸಾನ್ ಕೂಡ ಹತ್ತಿರ ಬಂದು ನಿಂತರು. ಎಲ್ಲರೂ ಅಭ್ಯಾಸದಂತೆ ನನ್ನ ಬಾಯಿ ನೋಡಿದರು. ನಾನು ರಘುವಿನ ಕಡೆ ತಿರುಗಿ ಕನ್ನಡದಲ್ಲಿ, "ಯಾರು ಕಟ್ಟಿದ್ದು ಅಂತ ಕೇಳ್ತಿದಾರೆ. ಈ ಸಲ ನಾನು ಹೇಳಲ್ಲ, ನೀನು ಹೇಳು" ಅಂದೆ.

ನಿಮ್ಮ ಮಗನ ಜಪಾನೀಸ್ ನಿಮಗೆ ಗೊತ್ತಲ್ಲ. ಇಷ್ಟು ವರ್ಷವಾದರೂ ಲಿಫ್ಟಿಗೆ, ಮೂಲೆಯ ಕೊಂಬಿನಿ ಅಂಗಡಿಗೆ ಸಾಲುವಷ್ಟು. ಅವನ ಕಿವಿ ಕೆಂಪಾಯಿತು. ಹಡಗನ್ನು ನೋಡಿದ, ನನ್ನನ್ನು ನೋಡಿದ. "ಹೆಂಡತಿಗೆ ಏನಂತಾರೆ?" ಎಂದು ಮೆಲ್ಲಗೆ ಕೇಳಿದ. "ತ್ಸುಮಾ" ಎಂದು ಹೇಳಿಕೊಟ್ಟೆ. ಅವನು ಬೆನ್ನು ನೇರ ಮಾಡಿಕೊಂಡು, ಒಂದೊಂದೇ ಪದ ಹುಡುಕಿಕೊಂಡು, ಆ ಕೋಣೆಗೆಲ್ಲ ಕೇಳುವ ಹಾಗೆ ಎರಡು ವಾಕ್ಯ ಹೇಳಿದ. ನನ್ನ ಹೆಂಡತಿ ಕಟ್ಟಿದ್ದು. ನಮ್ಮಪ್ಪ ಅಲ್ಲ.

ಎರಡನೆಯದನ್ನು ನಾನು ಹೇಳಿಕೊಟ್ಟಿರಲಿಲ್ಲ ಮಾವ.