ಎಡಗೆನ್ನೆಯ ಮೇಲಿನ ಪೆನ್ಸಿಲ್ ಗೀರು

ಫೆಬ್ರವರಿ ೧೮, ಸೋಮವಾರ

ನನ್ನ ಚಿನಕುರುಳಿಗೆ ಅಮ್ಮನ ನೂರು ಮುತ್ತು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಎಡಗಣ್ಣಿನ ಪೊರೆ ತೆಗೆಸಿಕೊಂಡೆ. ಓದಬೇಡಿ, ಬರೆಯಬೇಡಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಹೇಳಿದ್ದರೆ ನೀನು ರಜೆ ಹಾಕಿ ಓಡಿ ಬರುತ್ತಿದ್ದೆ, ಅದಕ್ಕೇ ಹೇಳಲಿಲ್ಲ. ಈಗ ಬಯ್ಯಬೇಡ. ಕಣ್ಣು ನಿಚ್ಚಳವಾಗಿದೆ. ಅಡುಗೆಮನೆ ಗೋಡೆ ಇಷ್ಟು ಕೊಳಕಾಗಿತ್ತೆಂದು ಈಗಲೇ ನನಗೆ ತಿಳಿದದ್ದು.

ಬರೆಯಲು ಕೂತ ಕಾರಣ ಬೇರೆ. ಶನಿವಾರ ನಾನು ತುಂಬಿದ ಸಭೆಯಲ್ಲಿ ಜಗಳ ಮಾಡಿ ಬಂದೆ. ಬೇರೆಯವರ ಬಾಯಿಂದ ನೀನು ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು.

ನಮ್ಮ ಸ್ಟುಡಿಯೋ ಯಜಮಾನರ ಫೋಟೊಗಳ ಪ್ರದರ್ಶನ ನಡೆಯುತ್ತಿದೆ. 'ಇದ್ದ ಹಾಗೇ ಮುಖಗಳು' ಎಂದು ಅದಕ್ಕೆ ಹೆಸರು. ಬಾಗಿಲಲ್ಲೇ ಆಳೆತ್ತರಕ್ಕೆ ನಿನ್ನ ಒಂಬತ್ತನೇ ವಯಸ್ಸಿನ ಫೋಟೊ ಇದೆ. ಅದೇ, ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತದ್ದು, ಅವರಿಗೆ ದೇಶವಿದೇಶದಲ್ಲಿ ಹೆಸರು ತಂದದ್ದು. ಅದನ್ನು ಕಂಡರೆ ನಿನಗಾಗದು. ಅದರಲ್ಲಿ ನಿನ್ನ ಕೆನ್ನೆಯ ಮಚ್ಚೆ ಅಳಿಸಲು ಹೇಳಿದರೆಂದು ಯಜಮಾನರ ಹೆಸರೆತ್ತಿದರೂ ಸಿಡುಕುತ್ತೀಯ, ಮದುವೆಯಲ್ಲೂ ಒಂದು ಫೋಟೊ ತೆಗೆಸಿಕೊಳ್ಳಲಿಲ್ಲ. ಈಗ ಅದು ಅವರ ಫೋಟೊಗಳ ಪುಸ್ತಕದ ಮುಖಪುಟವೂ ಆಗುತ್ತದಂತೆ.

ಹೋದ ವಾರ ಅವರ ಮಗ ಮನೆಗೇ ಬಂದಿದ್ದ. "ಆಂಟಿ, ಇಲ್ಲೊಂದು ಸೈನ್ ಹಾಕ್ಬಿಡಿ, ಸುಮ್ನೆ ಒಂದು ಪದ್ಧತಿಗೆ" ಎಂದ. ಕನ್ನಡಕ ಹಾಕಿಕೊಂಡು ಓದಿದೆ. 'ಈ ಪುಸ್ತಕದ ಯಾವ ಚಿತ್ರವನ್ನೂ ತಿದ್ದಿಲ್ಲವೆಂದು, ಮೂವತ್ತೊಂದು ವರ್ಷ ಅಲ್ಲಿ ಕೆಲಸ ಮಾಡಿದ ನಾನು ದೃಢೀಕರಿಸುತ್ತೇನೆ.' ಎಲಾ ಇವನ! ಮೂವತ್ತೊಂದು ವರ್ಷ ನಾನು ಮಾಡಿದ್ದೇ ತಿದ್ದುವ ಕೆಲಸ. ನೀನು ಶಾಲೆ ಬಿಟ್ಟು ಬಂದು ನೋಡುತ್ತಿದ್ದೆಯಲ್ಲ, ಓರೆ ಮೇಜು, ಅದರ ಮೇಲೆ ನೆಗೆಟಿವ್, ಕೆಳಗಿನಿಂದ ಬೆಳಕು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್. ಮುಖದ ಕಪ್ಪು ಕಲೆ ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುತ್ತದೆ. ಅಲ್ಲಿ ಸಣ್ಣ ಸಣ್ಣ ಗೀರು ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಎಷ್ಟು ದೊಡ್ಡವರ ಕಣ್ಣಡಿಯ ಚೀಲಗಳನ್ನು ಹೀಗೆ ಮಾಯ ಮಾಡಿದ್ದೇನೋ!

"ಹಾಕಲ್ಲಪ್ಪ" ಎಂದೆ.

"ಅಪ್ಪನ ಹೆಸರು ಹಾಳಾಗುತ್ತೆ ಆಂಟಿ."

"ನಿಮ್ಮಪ್ಪನಿಗೆ ಹಾಳಾಗೋಕಾದ್ರೂ ಒಂದು ಹೆಸರಿದೆ. ನನಗೆ?"

ಕಾಫಿ ಕುಡಿಯದೆ ಎದ್ದು ಹೋದ. ನಾನೇ ಕುಡಿದೆ.

ಶನಿವಾರ ಸಂಜೆ ಪ್ರದರ್ಶನದಲ್ಲಿ ಚರ್ಚೆ ಇತ್ತು. ಯಜಮಾನರು ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿದ್ದರು, ಪಾಪ, ಬಹಳ ಇಳಿದುಹೋಗಿದ್ದಾರೆ. ವೇದಿಕೆಯ ಮೇಲಿದ್ದ ಪ್ರೊಫೆಸರು ಫೋಟೊದಲ್ಲಿ ನಿನ್ನ ಕೆನ್ನೆ ತೋರಿಸಿ, "ಇಲ್ಲಿ ಬೆಳಕೇ ಚರ್ಮವಾಗಿದೆ" ಎಂದರು. ಪಕ್ಕದಲ್ಲಿದ್ದ ಪತ್ರಿಕೆಯ ವಿಮರ್ಶಕಿ ನಕ್ಕಳು. "ಇವರ ಫೋಟೊಗಳಲ್ಲಿ ಮನುಷ್ಯರೇ ಇಲ್ಲ, ಬರೀ ಮೇಣದ ಗೊಂಬೆಗಳು. ಇವರು ಫೋಟೊಗ್ರಾಫರ್ ಅಲ್ಲ, ಮೇಕಪ್‌ನವರು" ಎಂದಳು. ಅದಕ್ಕೆ ಚಪ್ಪಾಳೆ ಬೇರೆ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ.

"ಅಮ್ಮಾ, ಆ ಮೇಕಪ್‌ನವಳು ನಾನು. ಬಯ್ಗುಳ ಇಲ್ಲಿ ಕೊಡಿ. ಪ್ರೊಫೆಸರೇ, ಆ ಚರ್ಮಾನೂ ನನ್ನದೇ, ಹೊಗಳಿಕೇನೂ ಇಲ್ಲೇ ಕೊಡಿ. ಅವರದ್ದು ಯಾವುದು ಗೊತ್ತಾ? ಆ ಕಣ್ಣು ನೋಡಿ. ಕ್ಯಾಮೆರಾ ಕಂಡ್ರೆ ಮರಗಟ್ಟೋ ಜನ ಇವರ ಮುಂದೆ ಮೈ ಸಡಿಲ ಬಿಟ್ಟು ಕೂರ್ತಿದ್ರು. ಮುಕ್ಕಾಲು ಗಂಟೆ ಹರಟೆ ಹೊಡೆದು ಆಮೇಲೆ ಒಂದೇ ಒಂದು ಕ್ಲಿಕ್. ಅದನ್ನ ಯಾವ ಪೆನ್ಸಿಲ್ಲೂ ಮಾಡೋಕಾಗಲ್ಲ. ಇವರು ದೊಡ್ಡವರೇ. ಆದ್ರೆ 'ಇದ್ದ ಹಾಗೇ' ಅಂತ ಬೋರ್ಡು ಹಾಕಿ ನನ್ನ ಮೂವತ್ತೊಂದು ವರ್ಷಾನ ಅಳಿಸಬೇಡಿ. ಅಳಿಸೋ ಕೆಲಸ ನನ್ನದು!"

ಯಜಮಾನರ ಮಗ ಓಡಿ ಬಂದ. "ಆಂಟಿ, ಪ್ಲೀಸ್, ಕೂತ್ಕೊಳ್ಳಿ."

"ಕೂತೂ ಕೂತೂ ಬೆನ್ನು ಗೂನಾಗಿದೆ ಕಣಪ್ಪ. ಇವತ್ತು ನಿಂತಿರ್ತೀನಿ."

ಜನ ನಕ್ಕರು. ವಿಮರ್ಶಕಿ ಮಾತ್ರ ಬಿಡಲಿಲ್ಲ. "ಆ ಮಗುವಿನ ಕೆನ್ನೆ ಮೇಲೆ ಏನಿತ್ತು?"

"ಮಚ್ಚೆ. ಅಂಗಿಯ ಗುಂಡಿಯಷ್ಟು. ಅವಳು ನನ್ನ ಮಗಳು."

"ಅಳಿಸು ಅಂದವರು ಇವರೇ ತಾನೆ?"

ಯಜಮಾನರು ಕತ್ತು ತಿರುಗಿಸಿ ನನ್ನನ್ನೇ ನೋಡಿದರು. ನಾನು ಚೀಲ ಹೆಗಲಿಗೇರಿಸಿ ಹೊರಗೆ ಬಂದುಬಿಟ್ಟೆ.

ಇನ್ನು ಸ್ಟುಡಿಯೋ ಮೆಟ್ಟಿಲು ಹತ್ತಬೇಡಿ ಎಂದು ಯಜಮಾನರ ಮಗ ಫೋನ್ ಮಾಡಿದ್ದ. ಹತ್ತಿಯೇ ಹತ್ತುತ್ತೇನೆ. ಸಹಿಯನ್ನಂತೂ ಸತ್ತರೂ ಹಾಕುವುದಿಲ್ಲ. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ಇಬ್ಬರೂ ತಣ್ಣಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತು ನಿನ್ನ
ಅಮ್ಮ

ತಾ.ಕ.: ಆ ವಿಮರ್ಶಕಿಗೆ ಕೊಡದ ಉತ್ತರ ಮೊದಲು ನಿನಗೆ ಸಲ್ಲಬೇಕು. ಅಳಿಸು ಎಂದವರು ಯಜಮಾನರಲ್ಲ. "ಮಚ್ಚೆ ಮುಟ್ಬೇಡಮ್ಮ, ಅದಿಲ್ದಿದ್ರೆ ಅದು ಯಾರ ಮಗುವೋ ಆಗುತ್ತೆ" ಎಂದೇ ನೆಗೆಟಿವ್ ನನ್ನ ಕೈಗೆ ಕೊಟ್ಟಿದ್ದರು. ಅವರು ಊರಲ್ಲಿಲ್ಲದಾಗ ಅಳಿಸಿದವಳು ನಾನು. ನಿನ್ನನ್ನು ಯಾರೂ ಆಡಿಕೊಳ್ಳದಿರಲಿ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೇ ನಾಚಿಕೆಯಾಗಿತ್ತು. ಅವರು ಬರುವಷ್ಟರಲ್ಲಿ ಪ್ರಿಂಟು ಸ್ಪರ್ಧೆಗೆ ಹೋಗಿಯಾಗಿತ್ತು, ಗೆದ್ದೂ ಬಿಟ್ಟಿತು. ಅದನ್ನು ನೋಡಿ ನೀನು "ಇದ್ಯಾರಮ್ಮಾ?" ಎಂದೆ. ಆಮೇಲೆ "ಅಂಕಲ್ ಅಳಿಸು ಅಂದ್ರಾ?" ಎಂದು ಕೇಳಿದೆ. ನಾನು ಹೂಂ ಎಂದೆ. ಆ ಹೂಂ ಅವರ ಕಿವಿಗೂ ಬಿದ್ದಿತ್ತು. ಇಪ್ಪತ್ತಾರು ವರ್ಷ ನಿನ್ನ ಸಿಟ್ಟನ್ನು ಹೊತ್ತರು, ಶನಿವಾರವೂ ಬಾಯಿ ಬಿಡಲಿಲ್ಲ. ನೀನು ಇದನ್ನು ಓದಿದ ಮೇಲೆ ಅದೇ ಪ್ರದರ್ಶನಕ್ಕೆ ಹೋಗಿ ಎಲ್ಲರ ಮುಂದೆ ಇದನ್ನೂ ಹೇಳುತ್ತೇನೆ.

ನಿನ್ನೆ ಸ್ಟುಡಿಯೋ ಮುಚ್ಚಿತ್ತು. ಬಾಗಿಲಿನ, ನೆಗೆಟಿವ್ ಬೀರುವಿನ ಕೀಲಿಗಳು ಇನ್ನೂ ನನ್ನ ಹತ್ತಿರವೇ ಇವೆ. ಯಾರನ್ನೂ ಕೇಳಲಿಲ್ಲ. ಹತ್ತಿಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ನನ್ನ ಗೀರುಗಳನ್ನು ನಾನೇ ಒರೆಸಿದೆ. ಡಾರ್ಕ್‌ರೂಮಿನ ಮುದುಕ ಒಂದು ಪ್ರಿಂಟು ತೆಗೆದುಕೊಟ್ಟ, ಇದರ ಜೊತೆ ಇಟ್ಟಿದ್ದೇನೆ. ಸಿಟ್ಟು ಬಂದರೆ ಈ ಕಾಗದ ಹರಿದು ಹಾಕು. ಫೋಟೊ ಹರಿಯಬೇಡ. ಅದು ನೀನು.