ನಿಂತದ

೧೪ ಡಿಸೆಂಬರ್ ೧೯೪೭
ಹಿಂಡಲು ಕೂತರೆ ಪಂಢರಿ ಒದ್ದಳು. ಚರಿಗೆ ಚೆಲ್ಲಿತು. ಹೆಸರಿಗೆ ಎಮ್ಮೆ, ಠೀವಿ ದೇಶಮುಖರ ಮನೆಯವಳದು. ನಸುಕಿನಿಂದ ಒಂದೇ ಸಮ ಕೂಗು — ಬೆದೆಗೆ ಬಂದಿದ್ದಾಳೆ. "ಖಾದರಸಾಬನ ಕೋಣಕ್ಕ ಬಿಟ್ಟು ಬಾ" ಅಂದರು ಅತ್ತೆ. ನಮ್ಮೂರು ಸರಸಂಬಾಕ್ಕೆಲ್ಲ ಅದೊಂದೇ ಕೋಣ. ಖಾದರ ಕಾಕಾ ದುಡ್ಡು ಮುಟ್ಟುವುದಿಲ್ಲ. ಎಮ್ಮೆ ಈದಾಗ ಮೊದಲ ಗಿಣ್ಣ ಕೋಣದ ಮನೆಗೆ, ಆಮೇಲೆ ನಮ್ಮ ಬಾಯಿಗೆ. ಅದೇ ಪದ್ಧತಿ. ಕೋಣಕ್ಕೆ ಬಿಟ್ಟು ಮರಳುವಾಗ ಅವರ ಹೆಂಡತಿ ಕುಲಸುಮಬಿ ಚಾಚಿ ನಕ್ಕರು, "ಈ ಸರ್ತಿ ಯಾಲಕ್ಕಿ ಮರೀಬ್ಯಾಡ ಬೇ. ಹ್ವಾದ್ ಸರ್ತಿ ಬರೇ ಬೆಲ್ಲ ಇತ್ತು."

೯ ಫೆಬ್ರವರಿ ೧೯೪೮
ಇವರು ಗಡಿ ದಾಟಿ ಇಂಡಿಯಾದ ಅಕ್ಕಲಕೋಟ ಕಡೆ ಹೋದರು. ನಿಜಾಮನ ರಜಾಕಾರರ ಭಯ. ಎಮ್ಮೆ ನೋಡಿಕೋ ಅಂದರು. ನನ್ನನ್ನು ಯಾರು ನೋಡಿಕೊಳ್ಳಬೇಕೋ, ಹೇಳಲಿಲ್ಲ.

೨ ಏಪ್ರಿಲ್
ತಲೆ ಕೆಟ್ಟಿದೆ. ಪಂಢರಿ ಮತ್ತೆ ಕೂಗಾಡಿದಳು, ಮೇವು ಬಿಟ್ಟಳು. ಹಾಗಾದರೆ ಗಬ್ಬ ಆಗಿಲ್ಲವೇ? ಈ ಸಲ ತಪ್ಪಿದರೆ ಗೊಡ್ಡೆಂದು ಆಳಂದ ಸಂತೆಗೆ ಹೊಡೆಯುವುದಾಗಿ ಅತ್ತೆ ಮೊದಲೇ ಹೇಳಿದ್ದಾರೆ. ಮತ್ತೆ ಕಾಕಾನ ಮನೆಗೆ ಓಡಿಸಿಕೊಂಡು ಹೋದೆ. ಒಳಗೆ ಕೋಣ ಹಗ್ಗ ಜಗ್ಗುತ್ತಿತ್ತು. ಕಾಕಾ ಅವಳ ಪಕ್ಕೆ ಮುಟ್ಟಿ ನೋಡಿದರು. ಆಮೇಲೆ ಗಡಿಬಿಡಿಯಿಂದ, "ನಿಂತದ ಯವ್ವಾ. ಇನ್ ಬಿಡಾಂಗಿಲ್ಲ. ಮನೀಗಿ ಹೊಡ್ಕೊಂಡು ಹೋಗು." ಬಾಗಿಲು ಹಾಕಿಕೊಂಡರು.

ಏನು ನಿಂತಿತು? ನಮ್ಮ ಮನೆಯ ಜೊತೆಗಿನ ಕೊಡುವುದು ತರುವುದೇ? ಅತ್ತೆಗೆ ಅನುಮಾನವೇ ಇಲ್ಲ. "ನಿನ್ ಗಂಡ ಅತ್ಲಾಕಡಿ ಹೋಗಿದ್ದು ಗೊತ್ತಾಗ್ಯಾದ ಅವರಿಗಿ. ಇನ್ ನಮ್ಮ ಎಮ್ಮೀನೂ ಬ್ಯಾಡಾಗ್ಯಾದ." ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲೋ ಗೊತ್ತಿಲ್ಲ.

೪ ಏಪ್ರಿಲ್
ಅವರ ಮನೆಗೆ ಮಜ್ಜಿಗೆ ಕೊಡುವುದು ಬಿಟ್ಟೆ. ಬಾವಿಯ ಹತ್ತಿರ ಚಾಚಿ ಮಾತಾಡಿಸಿದರು. ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದೆ.

೩೦ ಜೂನ್
ಹಾಲು ಬತ್ತಿದೆ. ಅತ್ತೆ ದಲ್ಲಾಳಿ ಚಂದಪ್ಪನನ್ನು ಕರೆಸಿದರು. "ಹೊಟ್ಟಿ ಕಾಣಸ್ತದ, ಖರೆ ಅದು ಮೇವಿಂದು" ಅಂದ ಮಹಾರಾಯ. ಕಣ್ಣಿ ಬಿಚ್ಚಲು ಬಿಡಲಿಲ್ಲ ನಾನು. ಇವರು ಬರಲಿ, ಆಮೇಲೆ ಮಾರಿರಿ ಎಂದೆ. ನನಗಾದರೂ ಏನು ಖಾತ್ರಿ ಇತ್ತು? ಇರಲಿಲ್ಲ.

೨೬ ಆಗಸ್ಟ್
ಮೈ ತೊಳೆಯುತ್ತಿದ್ದೆ. ಪಂಢರಿಯ ಬಲಪಕ್ಕೆಯಲ್ಲಿ ಒಳಗಿನಿಂದ ಏನೋ ಗುದ್ದಿತು. ಕೈ ತೆಗೆಯಲಿಲ್ಲ. ಮತ್ತೆ ಗುದ್ದಿತು.

ನಿಂತದ... ಗಬ್ಬ ನಿಂತದ. ಕಾಕಾ ಹೇಳಿದ್ದು ಅದು. ಆ ದಿನದ ಕೂಗು ಹುಸಿ ಬೆದೆ. ಕೋಣ ಏರಿದ್ದರೆ ಕರು ಹೋಗುತ್ತಿತ್ತು, ಅದಕ್ಕೇ ಬಾಗಿಲು ಹಾಕಿದ್ದು. ಎಂಥ ಮಂಕು ನಾನು. ಅತ್ತೆ ಸೋಲಲಿಲ್ಲ — "ಹಂಗಂದ್ರ ಬಾಯಿ ಬಿಚ್ಚಿ ಹೇಳಬೇಕಿತ್ತು."

ಈಗಲೇ ಹೋಗಬೇಕು. ಯಾವ ಮುಖ ಹೊತ್ತು? ಬರಿಗೈಯಲ್ಲಿ ಬೇಡ. ಈಯಲಿ, ಗಿಣ್ಣ ಹಿಡಿದುಕೊಂಡೇ ಹೋಗುತ್ತೇನೆ.

೨೪ ಸೆಪ್ಟೆಂಬರ್
ನಿಜಾಮನ ರಾಜ್ಯ ಮುಗಿಯಿತಂತೆ. ಇವರು ಬಂದರು, ಸೊರಗಿದ್ದಾರೆ. ಖುಷಿಪಡಬೇಕು, ಆದರೆ ಆಚೆ ಕಾಕಾನ ಓಣಿಯಲ್ಲಿ ಹೊಗೆ. ರಜಾಕಾರರ ಮೇಲಿನ ಸೇಡು ಸಾಬರ ಮನೆಗಳ ಮೇಲೆ ಬಿದ್ದಿದೆಯಂತೆ. ಖಾದರ ಕಾಕಾ ಹೇಗಿದ್ದಾರೆ ಎಂದು ಕೇಳಿದೆ. "ನನಗೇನ್ ಗೊತ್ತು. ನೀ ಹೊರಗ ಹೋಗಬ್ಯಾಡ." ನನ್ನ ಕಡೆ ನೋಡಲಿಲ್ಲ.

೧೯ ಅಕ್ಟೋಬರ್, ಬೆಳಿಗ್ಗೆ
ಪಂಢರಿ ಈದಳು. ಹೆಣ್ಣುಗರು. ಆಗಲೇ ಎದ್ದು ನಿಂತಿದೆ.

ಸಂಜೆ
ಗಿಣ್ಣ ಕಾಸಿ, ಇವರು ಬೇಡ ಅನ್ನುವ ಮೊದಲೇ ಹೊರಟೆ. ಕಾಕಾನ ಮನೆಗೆ ಬಾಗಿಲಿಲ್ಲ, ಸುಟ್ಟ ಚೌಕಟ್ಟು ಇದೆ. ಗೂಟ ಇದೆ, ಕೋಣ ಇಲ್ಲ. ಪಕ್ಕದ ಮನೆಯ ಗುರಮ್ಮನನ್ನು ಕೇಳಿದರೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

"ಚಾಚಿ, ಯಾಲಕ್ಕಿ ಹಾಕೀನಿ" ಅಂದೆ. ಯಾರಿಗೆ ಅಂದೆನೋ.

ಬಟ್ಟಲು ವಾಪಸ್ ತಂದೆ. ಒಲೆಯ ಮುಂದೆ ಎಲ್ಲರೂ ಗಿಣ್ಣಕ್ಕೆ ಕಾದು ಕೂತಿದ್ದಾರೆ. ಅತ್ತೆ ಕೇಳಿದರು, "ಕೋಣದ ಮನೀಗಿ ಮುಟ್ಟಿಸಿ ಬಂದಿ?"

ನಾನು ಬಟ್ಟಲಿಗೆ ಮುಚ್ಚಳ ಹಾಕಿ, "ಮುಟ್ಟಿಲ್ಲ. ಇನ್ ಯಾರೂ ತಿನ್ನಾಂಗಿಲ್ಲ" ಅಂದೆ.