ರಾಂತಿ ಅಜ್ಜಿಯ ಬಾವಿಗೆ ನೀರು ಬಂದ ದಿನ

ತೆಗಲ್‌ಸಾರಿ, ಬಾಲಿ
ಮೌನದ ಹಬ್ಬ ಕಳೆದ ಮರುವಾರ, ಗುರುವಾರ

ಪ್ರೀತಿಯ ಮಗಳು ಸುವಿತ್ರಿಗೆ,

ಬೆನ್ನುನೋವು ಹೇಗಿದೆ? ಮೊದಲು ಅದನ್ನು ಹೇಳು, ಹಡಗು ಯಾವ ದೇಶದಲ್ಲಿದೆ ಎನ್ನುವುದು ಆಮೇಲೆ. ಕಳೆದ ಸಲ ಫೋನಿನಲ್ಲಿ ಚೆನ್ನಾಗಿದ್ದೇನೆ ಎಂದೆ. ಹೆತ್ತವಳಿಗೆ ದನಿ ಕೇಳಿದರೆ ಗೊತ್ತಾಗುವುದಿಲ್ಲವೇ? ಬೆಳಗಿನಿಂದ ಸಂಜೆಯವರೆಗೆ ಕಂಡವರ ಹಾಸಿಗೆ ಎತ್ತಿ ಹಾಸಿದರೆ ಯಾರ ಬೆನ್ನು ತಾನೇ ಉಳಿಯುತ್ತದೆ. ಅಕ್ಕಿ, ಲವಂಗ, ಶುಂಠಿ ಸೇರಿಸಿ ಅರೆದ ಲೇಪದ ಪುಡಿ ಕಳಿಸಿದ್ದೇನೆ, ಬಿಸಿನೀರಿನಲ್ಲಿ ಕಲಸಿ ಹಚ್ಚಿಕೋ. ನಿನ್ನ ಹಡಗಿಗೇ ಹೊರಟಿರುವ ಸುದರ್ಮಿಯ ಕೈಯಲ್ಲಿ ಪುಡಿಯ ಜೊತೆಗೆ ಈ ಪತ್ರವನ್ನೂ ಕೊಡುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ನಿಂತಿರುತ್ತಾರೆ.

ನಾವು ಚೆನ್ನಾಗಿದ್ದೇವೆ. ಅತಿಥಿಗಳ ಕೋಣೆಗಳು ಮೂರೂ ತುಂಬಿವೆ. ನೀನು ಹಡಗಿನಲ್ಲಿ ಸುರಿಸಿದ ಬೆವರೆಲ್ಲ ನಮ್ಮ ಹಿತ್ತಲಿನ ಈಜುಕೊಳವಾಯಿತಲ್ಲ, ಅದರ ಫೋಟೋ ನೋಡಿಯೇ ಜನ ಬರುತ್ತಾರೆ. ಕೋಣೆ ತುಂಬಿದರೆ ಮಗಳು ಮತ್ತೆ ಹಡಗು ಹತ್ತಬೇಕಾಗಿಲ್ಲ ಎಂದುಕೊಂಡೇ ನಿಮ್ಮಪ್ಪ ಬಾಳೆತೋಟ ಅಗೆಸಿ ಕೊಳ ಕಟ್ಟಿಸಿದ್ದು. ಇದೇ ಕೊನೆಯ ಸಲ ಎಂದು ನೀನು ಹೇಳಿ ಹೋದದ್ದನ್ನು ನಾನು ಬೀದಿಗೆಲ್ಲ ಸಾರಿದ್ದೇನೆ. ಅದಕ್ಕೇ ಮುಂದಿನದನ್ನು ಸ್ವಲ್ಪ ಸಮಾಧಾನದಿಂದ ಓದು.

ಹಬ್ಬಕ್ಕೆ ಮುಂಚೆ ಅಸ್ತಿತಿ ಎಂಬ ಹುಡುಗಿ ಬಂದಳು. ನಮ್ಮಂಥ ಸಣ್ಣ ಅತಿಥಿಮನೆಗಳು ಊರಿನ ಗಾಳಿ ನೀರು ಕೆಡಿಸದೆ ಬದುಕುವುದು ಹೇಗೆಂದು ಹೇಳಿಕೊಡುವ ಸಂಘದವಳು. ಪ್ಲಾಸ್ಟಿಕ್ ಬಾಟಲಿ ಬಿಡಿ, ಹೂಜಿ ಇಡಿ ಎಂದಳು, ಇಟ್ಟೆವು. ದಿನಾ ಹೊದಿಕೆ ಒಗೆಯಬೇಡಿ ಎಂದಳು. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಕಡೆಗೆ ಕೊಳದ ಹತ್ತಿರ ಬಂದಳು. ನೀರು ಪಾಚಿಗಟ್ಟುತ್ತದೆಂದು ನಿಮ್ಮಪ್ಪ ಮತ್ತೆ ಮತ್ತೆ ಖಾಲಿ ಮಾಡಿ, ಬಾವಿಗೆ ಪಂಪು ಹಾಕಿ ತುಂಬಿಸುವುದು ನಿನಗೆ ಗೊತ್ತೇ ಇದೆ. ನೀರನ್ನು ಸೋಸುವ ಯಂತ್ರ ನಮ್ಮ ಕೈಗೆಟುಕುವಂಥದ್ದಲ್ಲ. ಆ ಹುಡುಗಿ ನಮ್ಮ ಬಾವಿಗೆ ಹಗ್ಗ ಬಿಟ್ಟು ನೋಡಿದಳು, ಗೋಡೆಯಾಚೆಯ ರಾಂತಿ ಅಜ್ಜಿಯ ಬಾವಿಗೂ ಬಿಟ್ಟು ನೋಡಿದಳು. ಅಲ್ಲಿ ಹಗ್ಗ ಒಣಗಿಯೇ ಬಂತು. ಒಂದು ದಿನ ಪಂಪು ನಿಲ್ಲಿಸಿ ಅಜ್ಜಿಯ ಬಾವಿಗೆ ನೀರು ಬರುತ್ತದೋ ನೋಡೋಣವೇ ಎಂದು ಕೇಳಿದಳು. ಬಂದ ಅತಿಥಿಗಳಿಗೆ ಕೊಡದಲ್ಲಿ ಸ್ನಾನ ಮಾಡಿಸಲೇ ಎಂದು ನಿಮ್ಮಪ್ಪ ಅವಳನ್ನು ಗೇಟಿನವರೆಗೆ ಬಿಟ್ಟು ಬಂದರು.

ರಾಂತಿ ಅಜ್ಜಿಯ ವಿಷಯ ನಿನಗೆ ಪೂರ್ತಿ ಬರೆದಿರಲಿಲ್ಲ. ಬಾವಿ ಬತ್ತಿದ ಮೇಲೆ ಅವಳು ಕಣಿವೆಯ ಊಟೆಯಿಂದ ತಲೆಯ ಮೇಲೆ ನೀರು ಹೊರುತ್ತಿದ್ದಾಳೆ, ಈ ವಯಸ್ಸಿನಲ್ಲಿ. ಯಾರ ಮೇಲೂ ಒಂದು ಮಾತಿಲ್ಲ. ಯಾವುದೋ ಪೂಜೆ ತಪ್ಪಿತು, ನೀರಿನ ದೇವಿ ಮುನಿದಳು ಎಂದೇ ಅವಳ ನಂಬಿಕೆ. ಸಾಕಿದ ಹಂದಿಯನ್ನು ಮಾರಿ ಬಾವಿಯ ಕಟ್ಟೆಯ ಮೇಲೆ ದೊಡ್ಡ ಪೂಜೆ ಮಾಡಿಸಿದಳು. ಎಳೆಗರಿಯ ಬುಟ್ಟಿ ಹೆಣೆಯಲು ನಾನೇ ಹೋಗಿದ್ದೆ, ತೆಂಗಿನಕಾಯಿ ನಿಮ್ಮಪ್ಪ ಕೊಟ್ಟರು. ನೋಡು ನಮ್ಮ ಬುದ್ಧಿ! ಇತ್ತ ಕೊಳ ತುಂಬುತ್ತಿತ್ತು, ಅತ್ತ ನಾವೇ ಕೈ ಮುಗಿದು ನಿಂತಿದ್ದೆವು.

ಆಮೇಲೆ ಮೌನದ ಹಬ್ಬ ಬಂತು. ದೀಪವಿಲ್ಲ, ಬೆಂಕಿಯಿಲ್ಲ, ಅತಿಥಿಗಳಿಗೂ ಹಿಂದಿನ ದಿನದ ತಣ್ಣನೆಯ ಅನ್ನ. ಪಂಪೂ ಇಲ್ಲ. ಆ ಹುಡುಗಿ ಬೇಡಿದ್ದನ್ನು ಹಬ್ಬ ಕೇಳದೆಯೇ ಮಾಡಿಸಿತು. ಮರುದಿನ ಬೆಳಿಗ್ಗೆ, ಎಲ್ಲರೂ ಮನೆಮನೆಗೆ ಹೋಗಿ ಕ್ಷಮೆ ಕೇಳುವ ಹೊತ್ತಿಗೆ, ರಾಂತಿ ಅಜ್ಜಿ ತುಂಬಿದ ಬಿಂದಿಗೆ ಹೊತ್ತು ನಮ್ಮ ಅಂಗಳದಲ್ಲಿ ನಿಂತಿದ್ದಳು. ಮುಖದ ತುಂಬ ನಗು. ಬಾವಿಯ ಮೊದಲ ನೀರಂತೆ, ನಮಗಾಗಿ ತಂದಿದ್ದಳು.

"ದೇವಿ ಬಂದವ್ಳೆ ಕಣಪ್ಪಾ," ಎಂದಳು ನಿಮ್ಮಪ್ಪನಿಗೆ. "ನೀನು ಕೊಟ್ಟ ಕಾಯಿ ಸಾರ್ಥಕ ಆಯ್ತು. ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೊಟ್ಟೇಲಿ ಹಾಕ್ಕೊ."

ನಿಮ್ಮಪ್ಪ ಬಿಂದಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಒಳಗೆ ತಂದಿಟ್ಟರು. ಆ ನೀರನ್ನು ಯಾವುದಕ್ಕೂ ಬಳಸಲು ಬಿಡಲಿಲ್ಲ. ಆದರೂ ಸಂಜೆ ಹೊಸ ಅತಿಥಿಗಳು ಬಂದಾಗ ಪಂಪು ಹಾಕಿದರು, ಹಾಕದೆ ಇನ್ನೇನು ಮಾಡುತ್ತಾರೆ. ಕೊಳ ತುಂಬಿತು. ಮರುದಿನವೇ ಅಜ್ಜಿ ಬರಿಗೊಡ ಹಿಡಿದು ಗೋಡೆಯ ಹತ್ತಿರ ಬಂದಳು.

"ಒಂದೇ ದಿನದಾಗೆ ನಾನು ಇನ್ನೇನು ಪಾಪ ಮಾಡಿದ್ನೋ ಏನೋ. ನಿಂಗೇನಾದ್ರೂ ಗೊತ್ತಿದ್ರೆ ಹೇಳಪ್ಪಾ," ಎಂದು ಕೇಳಿದಳು.

ಅಂದಿನಿಂದ ನಿಮ್ಮಪ್ಪನಿಗೆ ಅಜ್ಜಿಯ ಮುಂದೆ ನಿಜ ಹೇಳಲು ಬಾಯಿಲ್ಲ, ಪಂಪು ಹಾಕಲು ಕೈ ಬಾರದು. ಕೊಳ ಮುಚ್ಚಿದರೆ ಫೋಟೋ ಹೋಯಿತು, ಜನ ಮೇಲಿನ ಬೀದಿಯ ಕೊಳವಿರುವ ಮನೆಗಳಿಗೆ ಹೋಗುತ್ತಾರೆ, ನೀನು ಇನ್ನೊಂದು ಸಲ ಹಡಗು ಹತ್ತಬೇಕಾದೀತು. ಅದನ್ನು ನೆನೆದರೆ ನನಗೂ ಎದೆ ಒಡೆಯುತ್ತದೆ. ಮಗಳ ಬೆವರು, ಅವಳನ್ನು ಕೇಳದೆ ಒಂದು ಕಲ್ಲೂ ಅಲುಗಿಸಬಾರದು ಎಂದು ನಿನ್ನೆ ನಿಮ್ಮಪ್ಪ ಹೇಳಿದರು. ನಾನೂ ಹೂಂ ಎಂದೆ. ನಿನಗೆ ಸರಿ ತೋಚಿದ್ದನ್ನು ಬರೆ, ಅದರಂತೆ ನಡೆಯುತ್ತೇವೆ.

ಗುಡಿಯಲ್ಲಿ ದಿನವೂ ನಿನ್ನ ಹೆಸರಿನ ಹೂವಿಡುತ್ತೇನೆ. ಸಮುದ್ರ ನಿನ್ನನ್ನು ತಣ್ಣಗೆ ಕಾಪಾಡಲಿ. ಹಡಗಿನ ಅಡುಗೆ ಸೇರದಿದ್ದರೂ ಹೊಟ್ಟೆ ತುಂಬ ಉಣ್ಣು.

ನಿನ್ನ ಹೆಸರು ಹಿಡಿದು ಸುವಿತ್ರಿಯ ತಾಯಿ ಎಂದೇ ಊರು ಕರೆಯುವ,
ಮೆನ್ ಸುವಿತ್ರಿ,
ನಿನ್ನ ಅಮ್ಮ

ಮರೆಯುವ ಮುಂಚೆ: ಲಕೋಟೆ ಅಂಟಿಸುತ್ತಿದ್ದೆ, ಹಿತ್ತಲಲ್ಲಿ ಧಡ್ ಧಡ್ ಸದ್ದು. ಹೋಗಿ ನೋಡಿದರೆ ಕೊಳದಲ್ಲಿ ನೀರಿಲ್ಲ, ನಿಮ್ಮಪ್ಪ ಒಳಗಿಳಿದು ಹಾರೆಯಿಂದ ನೀಲಿ ಕಲ್ಲುಗಳನ್ನು ಎಬ್ಬಿಸುತ್ತಿದ್ದಾರೆ. ನಿನ್ನ ಉತ್ತರಕ್ಕೆ ಕಾಯೋಣ ಎಂದವರು ಇವರೇ. ಏನಪ್ಪಾ ಅದು ಸದ್ದು ಎಂದು ಗೋಡೆಯಾಚೆಯಿಂದ ಅಜ್ಜಿ ಕೇಳಿದಳು. "ಬಾಳೆ ನೆಡ್ತಿದೀನಿ ಅಜ್ಜೀ," ಎಂದರು, ತಲೆ ಎತ್ತಲಿಲ್ಲ. ಸುದರ್ಮಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಮೇಲೆ ಕೇಳಿದ್ದಕ್ಕೆ ಉತ್ತರ ಬೇಡ. ಹಡಗಿನವರು ಕೊಡುವ ಹೊಸ ಕರಾರಿನ ಕಾಗದಕ್ಕೆ ಸಹಿಯನ್ನೂ ಹಾಕಬೇಡ. ಇದ್ದುದನ್ನೇ ಹಂಚಿಕೊಂಡು ಉಣ್ಣೋಣ, ಬಂದುಬಿಡು. ಮಣ್ಣು ಹೊರಲು ನಾನಿದ್ದೇನೆ, ನೀನು ಬೆನ್ನು ಉಳಿಸಿಕೊಂಡು ಬಾ.